ನೋಡೋಣ ಎಂದರೆ

ಅದು ಸುಳ್ಳಲ್ಲವಲ್ಲ? ನೋಡೋಣ ಎಂದರೆ ನೋಡೋಣ, ಅಷ್ಟೆ. ಆಗುತ್ತದೆ ಎಂದಲ್ಲ, ಆಗುವುದಿಲ್ಲ ಎಂದೂ ಅಲ್ಲ. ಮದ್ದೂರಿನ ಬಸ್ ನಿಲ್ದಾಣದಿಂದ ಸಕ್ಕರೆ ಕಾರ್ಖಾನೆಯ ಕಡೆಗೆ ನಡೆಯುತ್ತ ತಿರುನಾರಾಯಣ ತನ್ನ ಮಾತನ್ನು ಹೀಗೆ ತಿರುಗಿಸಿ ಮುರುಗಿಸಿ ನೋಡಿದ. ಹಿಂದಕ್ಕೆ ಹೋಗಬಹುದು. ಮಳವಳ್ಳಿ ಬಸ್ಸು ಇನ್ನೂ ಹೊರಟಿರಲಿಕ್ಕಿಲ್ಲ. ರೈತ ಕೆಂಪಸಿದ್ದಯ್ಯ ಕಿಟಕಿಯ ಪಕ್ಕ ಕೂತಿರುತ್ತಾನೆ. ಕಿಟಕಿಯ ಸರಳು ಹಿಡಿದು ಒಂದೇ ಮಾತು ಹೇಳಿದರೆ ಸಾಕು.

ಅವನು ನಿಂತ. ಹಿಂದೆ ಬಸ್ಸಿನ ಹಾರನ್ ಕೇಳಿಸಿತು. ಮತ್ತೆ ನಡೆದ.

ತಿರುನಾರಾಯಣ ಕಾರ್ಖಾನೆಯ ಮುಖ್ಯ ಲೆಕ್ಕಾಧಿಕಾರಿಯಾಗಿ ತಲೆ ನರೆಸಿಕೊಂಡವನು. ಎಷ್ಟು ಸಕ್ಕರೆಯನ್ನು ಸರ್ಕಾರಕ್ಕೆ ಕೊಡಬೇಕು, ಯಾವ ರೈತನ ಕಬ್ಬನ್ನು ಬಿಡುವಂತಿಲ್ಲ, ಕಾನೂನು ಎಲ್ಲಿ ಅಡ್ಡ ಬರುತ್ತದೆ ಎಂಬುದನ್ನೆಲ್ಲ ಬಲ್ಲವನು ಅವನೊಬ್ಬನೆ. ಹಳೆಯ ಯಜಮಾನರು ಏನಾದರೂ ಅಡ್ಡದಾರಿ ಹಿಡಿಯಹೊರಟರೆ ಅವನು ಬಾಗಿಲಲ್ಲಿ ನಿಂತು "ಆಗೋದಿಲ್ಲ" ಎನ್ನುತ್ತಿದ್ದ. ಅವರು ಗೊಣಗುತ್ತಿದ್ದರು, ಆದರೆ ಬಿಟ್ಟುಬಿಡುತ್ತಿದ್ದರು. ರೈತರಿಗೂ ಅದೇ ಉತ್ತರ. ಆಗದ ಕೆಲಸಕ್ಕೆ ಮುಖದ ಮೇಲೆಯೇ "ಆಗೋದಿಲ್ಲ." ಹಾಗಾಗಿ ಅವನು ಅಪರೂಪಕ್ಕೊಮ್ಮೆ "ನೋಡೋಣ" ಎಂದರೆ ಕೆಲಸ ಆದಂತೆಯೇ ಎಂದು ಕಬ್ಬಿನ ಗಾಡಿಯವರೆಲ್ಲ ತಿಳಿದಿದ್ದರು. ಅವನೂ ತಿಳಿದಿದ್ದ.

ಆ ವರ್ಷ, ಎಪ್ಪತ್ತೆಂಟರ ಮಳೆಗಾಲದಲ್ಲಿ, ಸರ್ಕಾರ ಸಕ್ಕರೆಯ ಮೇಲಿನ ಹಿಡಿತವನ್ನೆಲ್ಲ ತೆಗೆದುಹಾಕಿತು. ಯಾರು ಎಷ್ಟಕ್ಕಾದರೂ ಮಾರಬಹುದು. ಎಲ್ಲರೂ ಮಾರಲು ಹೊರಟರು, ಬೆಲೆ ಕುಸಿಯಿತು. ಅದೇ ಹೊತ್ತಿಗೆ ಹಳೆಯ ಯಜಮಾನರು ತೀರಿಕೊಂಡು ಅವರ ಅಳಿಯ ಪಾರ್ಥಸಾರಥಿ ಬಂದ. ಬಂದವನೇ ತಿರುನಾರಾಯಣನ ಕೋಣೆಗೆ 'ಫೈನಾನ್ಸ್ ಕಂಟ್ರೋಲರ್' ಎಂಬ ಹೊಸ ಬೋರ್ಡು ಹಾಕಿಸಿದ.

ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದ ಜವಾನ ಚಿಕ್ಕಣ್ಣ ನಕ್ಕಿದ್ದ. "ಏನ್ ಸ್ವಾಮಿ, ಸಕ್ರೆ ಮ್ಯಾಗಿನ್ ಕಂಟ್ರೋಲ್ ಎದ್ದೋಯ್ತು ಅಂತಾರೆ. ನಿಮ್ಗ್ ನೋಡುದ್ರೆ ಈಗ ಕಂಟ್ರೋಲರ್ ಅಂತ ಬೋರ್ಡು!"

"ನೆಟ್ಟಗೆ ಹೊಡಿಯೋ, ಓರೆಯಾಗಿದೆ" ಎಂದಿದ್ದ ತಿರುನಾರಾಯಣ. ಆದರೂ ಅವತ್ತು ಮನೆಗೆ ಹೋಗಿ ಹೆಂಡತಿ ಪಂಕಜಮ್ಮನಿಗೆ ಬೋರ್ಡಿನ ವಿಷಯ ಹೇಳಿದ್ದ. ಹೇಳುವಾಗ ದನಿಯಲ್ಲಿ ಸಂತೋಷವಿತ್ತು.

ಇವತ್ತು ಬೆಳಿಗ್ಗೆ ಮಂಡ್ಯದ ಆಫೀಸಿನಲ್ಲಿ ಸಭೆ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದವನಿಗೆ ಪಾರ್ಥಸಾರಥಿ ತನ್ನ ಪಕ್ಕದ ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ ಸಾರ್. ಇನ್ನು ಮೇಲೆ ಏನು ಮಾಡಬಾರದು ಅಂತ ಹೇಳೋದಲ್ಲ ನಿಮ್ಮ ಕೆಲಸ. ಏನು ಮಾಡಬಹುದು ಅಂತ ಹೇಳಬೇಕು. ಮಳವಳ್ಳಿ ಕಡೆ ಕಬ್ಬು ಈ ಸಲ ನಮಗೆ ಭಾರ. ಅರೆದಷ್ಟೂ ನಷ್ಟ. ಒಪ್ಪಂದ ಆಗಿಹೋಗಿದೆ, ಬಿಡೋ ಹಾಗಿಲ್ಲ ಅಂತಾರೆ ವಕೀಲರು. ನಿಜವಾಗಲೂ ದಾರಿ ಇಲ್ಲವೆ?"

ಕೇಳಿದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಯೋಚಿಸುವ ಮೊದಲೇ ಬಾಯಿ ಉತ್ತರ ಕೊಟ್ಟುಬಿಟ್ಟಿತು. "ಒಪ್ಪಂದದಲ್ಲಿ 'ಯಂತ್ರಗಳ ಶಕ್ತಿಗೆ ತಕ್ಕಂತೆ' ಅಂತ ಒಂದು ಮಾತಿದೆ. ಒಂದು ಯಂತ್ರ ರಿಪೇರಿಗೆ ನಿಂತಿದ್ದರೆ ಕಬ್ಬು ಬಿಟ್ಟರೂ ತಕರಾರು ಬರೋದಿಲ್ಲ."

ಆ ಮಾತನ್ನು ಒಪ್ಪಂದಕ್ಕೆ ಸೇರಿಸಿದವನು ಅವನೇ, ನಿಜವಾಗಿ ಯಂತ್ರ ಕೆಟ್ಟ ಕಾಲಕ್ಕೆಂದು. ಪಾರ್ಥಸಾರಥಿ ಮೇಜು ತಟ್ಟಿದ. "ನೋಡಿದಿರಾ! ವಕೀಲರಿಗೆ ಹೊಳೀಲಿಲ್ಲ. ಆದರೆ ಇದು ಈ ಕೋಣೆ ದಾಟಬಾರದು. ಬೆಲೆ ಏರಿದರೆ ಆ ಕಬ್ಬು ನಮಗೆ ಬೇಕು. ಏರದಿದ್ದರೆ ಬೇಡ. ಅಲ್ಲೀವರೆಗೆ ಗದ್ದೇಲೇ ನಿಂತಿರಲಿ."

ಸಭೆ ಮುಗಿಸಿ ಮದ್ದೂರಿನಲ್ಲಿ ಬಸ್ಸಿಳಿದಾಗ ಎದುರಿಗೆ ಕೆಂಪಸಿದ್ದಯ್ಯ. ಮಳವಳ್ಳಿ ಕಡೆಯ ರೈತರು ಮೊದಲು ಈ ಕಾರ್ಖಾನೆಯನ್ನು ನಂಬದೆ ಇದ್ದಾಗ, ತಿರುನಾರಾಯಣನ ಮಾತಿನ ಮೇಲೆ ಮನೆ ಮನೆ ತಿರುಗಿ ಅವರನ್ನು ಒಪ್ಪಿಸಿದವನು.

"ಅಯ್ನೋರೆ, ದ್ಯಾವ್ರ್ ಸಿಕ್ಕಂಗ್ ಸಿಕ್ಕುದ್ರಿ. ಆಲೆಮನೆ ಶಿವಯ್ಯ ನನ್ ಗದ್ದೆ ಬದೀನೇ ಬುಡ್ತಾ ಇಲ್ಲ. ಬೆಲ್ಲುಕ್ಕೆ ಕಡ್ಕತೀನಿ, ಕೊಟ್ಬುಡು ಅಂತಾವ್ನೆ. ನೀವೇನಾರ ಈ ಸಲ ತಕಳಲ್ಲ ಅನ್ನೋದಾದ್ರೆ ಈಗ್ಲೇ ಏಳ್ಬುಡಿ."

ನಿಜ ಹೇಳಲು ಕೆಂಪಸಿದ್ದಯ್ಯನೇ ಬಾಗಿಲು ತೆರೆದು ಕೊಟ್ಟಿದ್ದ. ತಿರುನಾರಾಯಣ ಕೊಡೆಯ ಹಿಡಿಯನ್ನು ನೋಡುತ್ತ ಹೇಳಿದ, "ನೋಡೋಣ."

"ಅಷ್ಟೇ ಬೇಕಾಗಿದ್ದಿದ್ದು ಬುಡಿ!" ಕೆಂಪಸಿದ್ದಯ್ಯ ಹೆಗಲ ಟವಲು ಕೊಡವಿ ಬಸ್ಸಿಗೆ ಓಡಿದ.

ಕಾರ್ತಿಕದ ಒಂದು ಭಾನುವಾರ ತಿರುನಾರಾಯಣ ಮಳವಳ್ಳಿ ಬಸ್ಸು ಹತ್ತಿದ. ಹೇಳಿಬಿಡಬೇಕೆಂದೇ ಹೊರಟಿದ್ದ. ಪಂಕಜಮ್ಮನಿಗೆ ಮಾತ್ರ ಕೆಲಸವಿದೆ ಎಂದಿದ್ದ. ಗದ್ದೆಯಲ್ಲಿ ಕಬ್ಬು ಆಳೆತ್ತರ ದಾಟಿ ತುದಿಯಲ್ಲಿ ಬೆಳ್ಳಗೆ ಹೂ ಬಿಟ್ಟಿತ್ತು. ಹೂ ಬಿಟ್ಟ ಕಬ್ಬು ಇನ್ನು ಹೆಚ್ಚು ದಿನ ಕಾಯುವುದಿಲ್ಲ, ಒಳಗೇ ಬೆಂಡಾಗುತ್ತದೆ. ಅಯ್ಯನವರು ನಮ್ಮ ಮನೆಯಲ್ಲಿ ಬೇರೇನೂ ಮುಟ್ಟುವುದಿಲ್ಲವೆಂದು ಕೆಂಪಸಿದ್ದಯ್ಯನ ಹೆಂಡತಿ ಮಂಗಳಮ್ಮ ಎಳನೀರು ಕೆತ್ತಿಸಿ ತಂದುಕೊಟ್ಟಳು.

"ಶಿವಯ್ಯ ನೆನ್ನೆನೂ ಬಂದಿದ್ದ ಕಣ್ರಪ್ಪ. ಇನ್ನೊಂದ್ ವಾರ ನೋಡ್ತೀನಿ, ಆಮ್ಯಾಕೆ ಬ್ಯಾರೇರ್ದು ಕಡ್ಕತೀನಿ ಅಂದ. ನಮ್ಮೋರು ಬೋದು ಕಳಿಸ್ಬುಟ್ರು" ಎಂದಳು.

"ಬೈದೆನಾ ನಾನು? ಲೋ ಶಿವಯ್ಯ, ಅಯ್ನೋರು ನೋಡೋಣ ಅಂದವ್ರೆ, ನೀನು ಬೇಕಾದ್ರೆ ನಿನ್ನ ಗಡ್ಡ ಕೆರ್ಕೊಂಡು ಕೂತ್ಕೊ ಕಣ್ಲಾ ಅಂದೆ. ಅದು ಬೈಗುಳವಾ?"

ಗಂಡ ಹೆಂಡತಿ ಇಬ್ಬರೂ ನಕ್ಕರು. ತಿರುನಾರಾಯಣನ ಬಾಯಿತುಂಬ ಎಳನೀರು. ನುಂಗಿದ ಮೇಲೆ ಹೇಳೋಣವೆಂದುಕೊಂಡ. ನುಂಗಿದ. ಬುರುಡೆ ಬರಿದಾಗುವವರೆಗೂ ಕುಡಿದ. ಗಾಳಿಗೆ ಕಬ್ಬಿನ ಗರಿಗಳು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತಿದ್ದವು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟ.

ಬೆಲೆ ಏರಲಿಲ್ಲ. ಕಾರ್ಖಾನೆಯ ಒಂದು ಯಂತ್ರ ರಿಪೇರಿಗೆಂದು ನಿಂತಿತು, ಮಳವಳ್ಳಿ ಕಡೆಯ ಕಬ್ಬು ಗದ್ದೆಯಲ್ಲೇ ಉಳಿಯಿತು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಕೇಳಬಂದ ಅಧಿಕಾರಿಗೆ ತಿರುನಾರಾಯಣನೇ ಯಂತ್ರ ತೋರಿಸಿದ, ತಕರಾರು ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಂಪಸಿದ್ದಯ್ಯ, ಬೆಂಡಾಗಿ ಯಾರಿಗೂ ಬೇಡವಾದ ಕಬ್ಬಿನ ತನ್ನ ಗದ್ದೆಗೆ ತಾನೇ ಬೆಂಕಿ ಇಟ್ಟ. ಮಾರನೆಯ ದಿನ ಮಳವಳ್ಳಿ ಕಡೆಯವರೆಲ್ಲ ಕಾರ್ಖಾನೆಯ ಗೇಟಿಗೆ ಬಂದು ಕೂಗಿದರು. ಅವರ ನಡುವೆ ಅವನೂ ಇದ್ದ. ಟವಲಿನ ಮೇಲೆ ಇನ್ನೂ ಬೂದಿ ಇತ್ತು. ಹಿಂದಿನಿಂದ ಯಾರೋ "ಆ ಅಯ್ನೋನೇ ಕಳ್ಳ" ಎಂದಾಗ ಕೆಂಪಸಿದ್ದಯ್ಯ ಸರ್ರನೆ ತಿರುಗಿದ.

"ಬಾಯ್ ಮುಚ್ಚಲೇ. ಅವ್ರು ನೋಡೋಣ ಅಂದಿದ್ರು. ನೋಡವ್ರೆ. ಮ್ಯಾಲ್ನೋರು ಬುಟ್ಟಿಲ್ಲ, ಅವ್ರೇನ್ ಮಾಡಾರು?" ಆಮೇಲೆ ಸರಳುಗಳ ಆಚೆ ನಿಂತಿದ್ದ ತಿರುನಾರಾಯಣನ ಕಡೆ ನೋಡಿ, ದನಿ ತಗ್ಗಿಸಿ, "ನೀವು ಒಳೀಕ್ ಓಗಿ ಸ್ವಾಮಿ. ಬಿಸ್ಲು" ಎಂದ.

ತಿರುನಾರಾಯಣ ಒಳಗೆ ಹೋದ. ಚಿಕ್ಕಣ್ಣ ಬಾಗಿಲು ತೆರೆದು ಹಿಡಿದಿದ್ದ. ಬೋರ್ಡು ಇನ್ನೂ ಸ್ವಲ್ಪ ಓರೆಯಾಗಿಯೇ ಇತ್ತು.

ಆಮೇಲೆಯೂ ಎಷ್ಟೋ ವರ್ಷ ಇಬ್ಬರೂ ಮದ್ದೂರಿನಲ್ಲಿ ಎದುರಾಗುತ್ತಿದ್ದರು. ಮಳೆಯ ಮಾತು, ಮೊಮ್ಮಕ್ಕಳ ಮಾತು ಆಡುತ್ತಿದ್ದರು. ನೋಡೋಣ ಎಂದ ದಿನವೇ ತನಗೆಲ್ಲ ಗೊತ್ತಿತ್ತೆಂದೂ, ಆ ದಾರಿ ತೋರಿಸಿದವನು ತಾನೇ ಎಂದೂ ತಿರುನಾರಾಯಣ ಅವನಿಗೆ ಹೇಳಲೇ ಇಲ್ಲ.