ಮಹಾರಾಣಿ ತಿರುಗುವವರೆಗೆ

ಸಣ್ಣ ಊರಿನಲ್ಲಿ ಹೆಣ್ಣುವೇಷ ಹಾಕಿ ಹಾಡಿ ಕುಣಿಯುವ ಗಂಡಸರ ಬಗ್ಗೆ ಹಾಸ್ಯ ಧಾರಾವಾಹಿ ಮಾಡುತ್ತೇವೆಂದು ಟಿವಿಯವರು ಬಂದರು. ಅಂಥ ಒಂದು ಪ್ರದರ್ಶನವನ್ನೂ ಅವರು ನೋಡಿರಲಿಲ್ಲ. ನೋಡುವ ಅಗತ್ಯವೂ ಕಂಡಿರಲಿಲ್ಲ, ಸಂಭಾಷಣೆ ಆಗಲೇ ಬರೆದಾಗಿತ್ತು. ವಿಗ್ಗು ಜಾರುತ್ತದೆ, ಹೀಲ್ಸು ಮುರಿಯುತ್ತದೆ, ಮಾವ ಬಾಗಿಲು ತೆಗೆದು ಹೌಹಾರುತ್ತಾನೆ. ಅವರ ತಲೆಯೊಳಗಿದ್ದ ಹಾಸ್ಯ ಇಷ್ಟೇ. ನಾಯಕನ ಪಾತ್ರಕ್ಕೆ ರಾಜಧಾನಿಯಿಂದ ಒಬ್ಬ ನಟನನ್ನು ತಂದಿದ್ದರು. ಮೀಸೆ ಬೋಳಿಸಿದ್ದೇ ಮಹಾತ್ಯಾಗವೆಂಬಂತೆ ಅವನು ಆಗಾಗ ಮೇಲ್ತುಟಿ ಸವರಿಕೊಳ್ಳುತ್ತಿದ್ದ.

ಊರಿನ ನಿಜವಾದ ವೇಷಧಾರಿಗಳಲ್ಲಿ ಹಿರಿಯಳು ಮಹಾರಾಣಿ. ಹಗಲೆಲ್ಲ ಇಸ್ತ್ರಿ ಅಂಗಡಿ. ಅಲ್ಲಿ ಅವನು, ವೇದಿಕೆಯ ಮೇಲೆ ಅವಳು. ಊರಿಗೆ ಅದರಲ್ಲಿ ತಲೆಬಿಸಿ ಇರಲಿಲ್ಲ. ಮೊದಲ ವರ್ಷ ಮಾತ್ರ ಇತ್ತು. ಆಗ ಜನ ಗೇಲಿ ಮಾಡಲೆಂದೇ ಟಿಕೆಟ್ ಕೊಂಡು ಬಂದಿದ್ದರು. ಮಹಾರಾಣಿ ಅವರಿಗೆ ಬೆನ್ನು ಹಾಕಿ ನಿಂತಳು. ಸಿಳ್ಳೆ, ಕೂಗು, ಬೈಗುಳ ಎಲ್ಲ ಸುಸ್ತಾಗಿ, ಕೊನೆಯ ಕೆಮ್ಮೂ ಅಡಗಿದ ಮೇಲೆ ತಿರುಗಿದಳು. ಅಂದಿನಿಂದ ಅದೇ ಪದ್ಧತಿ. ಅವಳು ತಿರುಗುವವರೆಗೆ ಯಾರೂ ಪಿಟ್ಟೆನ್ನುವುದಿಲ್ಲ.

ಧಾರಾವಾಹಿಗೆ ಒಪ್ಪುವಾಗ ಅವಳು ಕೇಳಿದ್ದು ಒಂದೇ: ಆ ಮೌನದ ಮೇಲೆ ನಗು ಬೀಳಬಾರದು. ನಿರ್ದೇಶಕ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟಿದ್ದ. ಅಂಥ ಮಾತು ಅವನು ದಿನಕ್ಕೆ ಹತ್ತು ಕೊಡುತ್ತಿದ್ದ.

ಚಿತ್ರೀಕರಣಕ್ಕೆ ಹಳೆಯ ಚಿತ್ರಮಂದಿರದಲ್ಲಿ ಊರವರನ್ನೇ ಪ್ರೇಕ್ಷಕರಾಗಿ ಕೂರಿಸಿದರು. ಸಹಾಯಕಿ ‘ನಗಿ’ ಎಂಬ ಫಲಕ ಎತ್ತಿದಾಗ ನಗಬೇಕು. ನಟನ ವಿಗ್ಗು ಜಾರಿದಾಗ, ಪಾಪ ಅನ್ನಿಸಿ, ನಕ್ಕರು. ಆಮೇಲೆ ಮಹಾರಾಣಿ ಬಂದು ಬೆನ್ನು ಹಾಕಿ ನಿಂತಳು. ಉಡುಪಿನ ಜಿಪ್ಪು ಎಳೆದುಕೊಟ್ಟ ಅವಳ ಅಕ್ಕ ಪರದೆಯ ಪಕ್ಕದಲ್ಲಿದ್ದಳು. ನಿರ್ದೇಶಕ ಬೆರಳೆತ್ತಿದ. ಫಲಕ ಮೇಲೇರಿತು. ಯಾರೂ ನಗಲಿಲ್ಲ. ಫಲಕ ಅಲುಗಾಡಿತು. ಮುಂದಿನ ಸಾಲಿನ ಕ್ಷೌರಿಕ ಬಾಯಲ್ಲಿದ್ದ ಪೆಪ್ಪರಮಿಂಟು ಚೀಪುವುದನ್ನೂ ನಿಲ್ಲಿಸಿದ.

“ಏನ್ರೀ, ಓದೋಕೆ ಬರಲ್ವಾ ಈ ಜನಕ್ಕೆ?” ಎಂದ ನಿರ್ದೇಶಕ.

“ಓದೋಕೆ ಬರುತ್ತೆ ಸರ್,” ಎಂದಳು ಅಕ್ಕ. “ನಗು ಬರ್ತಿಲ್ಲ.”

ನಿರ್ದೇಶಕ ಕೈ ಕೊಡವಿದ. ರೆಕಾರ್ಡ್ ಮಾಡಿಟ್ಟ ನಗು ಪೆಟ್ಟಿಗೆಗಟ್ಟಲೆ ಇದೆ, ಆಮೇಲೆ ಸುರಿದುಕೊಳ್ಳೋಣ, ಈಗ ತಿರುಗಲಿ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದ. ಮಹಾರಾಣಿಗೂ ಕೇಳಿಸಿತು. ಅವಳು ತಿರುಗಲಿಲ್ಲ. ಬೆನ್ನಿನ ಮಣಿಗಳು ಉಸಿರಿಗೆ ತಕ್ಕಂತೆ ಮಿನುಗುತ್ತಿದ್ದವು.

“ಇನ್ನೂ ಎಷ್ಟು ಹೊತ್ತಮ್ಮಾ, ಮಹಾತಾಯಿ?”

“ನಿಮ್ಮ ಪೆಟ್ಟಿಗೇಲಿರೋರು ನಕ್ಕು ಮುಗಿಸ್ಲಿ,” ಎಂದಳು ಅವಳು, ಎದುರಿನ ಗೋಡೆಗೆ. “ಆಮೇಲೆ ತಿರುಗ್ತೀನಿ.”

ಒಪ್ಪಂದ, ಕೋರ್ಟು ಎಂದೆಲ್ಲ ನಿರ್ದೇಶಕ ಹಾರಾಡಿದ. ನಟ ಮೇಲ್ತುಟಿ ಸವರಿಕೊಂಡ. ಬೆನ್ನಿನ ದೃಶ್ಯವೇ ಸಾಕು, ಅದಕ್ಕೂ ನಗು ಹಾಕಬಹುದು ಎಂದು ಯಾರೋ ಸಲಹೆ ಕೊಟ್ಟರು. ಅದು ಜಾಣತನವೆಂದು ಎಲ್ಲರೂ ಒಪ್ಪಿದರು. ದೊಡ್ಡ ದೀಪಗಳನ್ನು ಆರಿಸಿ, ಕ್ಯಾಮೆರಾಕ್ಕೆ ಮುಸುಕು ಹಾಕಿ, ವೈರು ಸುತ್ತಿಕೊಂಡು ಹೊರಟರು. ಈ ಊರಿಗೆ ಹಾಸ್ಯಪ್ರಜ್ಞೆಯೇ ಇಲ್ಲವೆಂದು ನಿರ್ದೇಶಕ ಮೊಗಸಾಲೆಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಒಳಗೂ ಕೇಳುತ್ತಿತ್ತು.

ಒಳಗೆ ಒಬ್ಬರೂ ಎದ್ದಿರಲಿಲ್ಲ. ಅಕ್ಕ ಇಳಿದು ಹೋಗಿ ಬಾಗಿಲು ಮುಚ್ಚಿದಳು. ಅವನ ದನಿ ನಿಂತಿತು.

ಮಹಾರಾಣಿ ತಿರುಗಿದಳು.