ಒಂದೇ ಡಬ್ಬದ ಸವತಿಯರು

ಆ ಭಾನುವಾರ ದೋಣಿ ಹತ್ತುವಾಗ ಮೆಕ್ಯಾನಿಕ್‌ಗೆ ಮೀನಿನ ಮೇಲೆ ಮನಸ್ಸೇ ಇರಲಿಲ್ಲ. ಹಿಂದಿನ ದಿನ ಅವನ ಅಕ್ಕ ಫೋನು ಮಾಡಿ ಕೊರಳಿಗೊಂದು ಕೆಲಸ ಕಟ್ಟಿದ್ದಳು. ದಿನವಿಡೀ ಭಾವನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ಸಂಜೆ ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮುಂದಿನ ಭಾನುವಾರ ಆರು ವರ್ಷದ ಮೊಮ್ಮಗಳು ಬರುವವಳಿದ್ದಳು. ಅವಳೊಬ್ಬಳನ್ನೇ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಗಾಳ ಹಾಕಲು ಕಲಿಸುತ್ತೇನೆಂದು ಭಾವ ಮಾತು ಕೊಟ್ಟುಬಿಟ್ಟಿದ್ದರು.

"ಮಗೂನ ಇವರ ಜೊತೆ ಕಳಿಸಬಹುದಾ ಬೇಡವಾ, ಅಷ್ಟು ಹೇಳು ಸಾಕು. ನಾನು ಕೇಳಿದ್ರೆ ಜಗಳ ಆಗುತ್ತೆ. ನೀನು ನೋಡಿ ಹೇಳಿದ್ರೆ ನಂಬ್ತೀನಿ," ಎಂದಿದ್ದಳು ಅಕ್ಕ.

ಅವಳು ತಮ್ಮನನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ಅವನು ಇಪ್ಪತ್ತಾರು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವವನು. ತಿಂಗಳಿಗೊಮ್ಮೆ ಹೋಗಿ ಹಗ್ಗ ನೋಡಬೇಕು, ಬ್ರೇಕ್ ನೋಡಬೇಕು, ಆಮೇಲೆ ಲಿಫ್ಟಿನೊಳಗೆ ತೂಗುಹಾಕಿದ ಕಾರ್ಡಿನಲ್ಲಿ ಸೈನ್ ಹಾಕಬೇಕು. ನೋಡದೆ ಸೈನ್ ಹಾಕಿದ ಆಸಾಮಿಯಲ್ಲ. ಅವಸರ ಮಾಡಿದ ಮ್ಯಾನೇಜರುಗಳಿಗೆ, ಹಾಗಿದ್ದರೆ ಮೆಟ್ಟಿಲು ಹತ್ತಿ ಎಂದು ಹೇಳಿ ಎದ್ದು ಬಂದವನು. ಇಂಥವನು ಈ ಸಲ ಮಾತ್ರ ನೋಡುವ ಮೊದಲೇ ಪೆನ್ನು ತೆಗೆದು ಕೂತಿದ್ದ. ಭಾವನಿಗೆ ಏನೂ ಆಗಿಲ್ಲ, ಅಕ್ಕನಿಗೆ ಮೊದಲಿನಿಂದಲೂ ಕಡ್ಡಿಯನ್ನು ಗುಡ್ಡ ಮಾಡುವ ಚಾಳಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕೇಳಿದ್ದನ್ನೇ ಮೂರು ಸಲ ಕೇಳುತ್ತಾರಂತೆ, ಒಬ್ಬರ ಹಲ್ಲಿನ ಸೆಟ್ಟನ್ನು ಇನ್ನೊಬ್ಬ ಡಾಕ್ಟರಿಗೆ ಕೊಟ್ಟು ಬಂದರಂತೆ. ಅರವತ್ತನಾಲ್ಕಾದ ಮೇಲೆ ಯಾರು ತಾನೇ ಮರೆಯುವುದಿಲ್ಲ?

ಭಾವ ಹಲ್ಲಿನ ಸೆಟ್ಟು ಮಾಡುವವರು. ಊರಿನ ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚುಗಳನ್ನು ಮನೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಜೋಡಿಸಿಕೊಂಡು, ಬೊಚ್ಚು ಬಾಯಿಗಳಿಗೆಲ್ಲ ನಗು ಮಾಡಿಕೊಟ್ಟವರು. ಗೆಳೆಯರ ಬಾಯಲ್ಲಿ ಅವರು ಹಲ್ಲಪ್ಪ. ಅಚ್ಚು ಹುಯ್ಯುವ ಆ ಕೈಯಲ್ಲೇ ರಜೆಯ ದಿನ ರಬ್ಬರ್ ಮೀನು ಮಾಡುತ್ತಿದ್ದರು. ಹಾಲಿನಂಥ ದ್ರವವನ್ನು ಕಾಯಿಸಿ, ಬಣ್ಣ ಬೆರೆಸಿ, ಅಚ್ಚಿಗೆ ಹುಯ್ದು ಆರಿಸಿದರೆ ಬೆರಳುದ್ದದ ಮೆತ್ತನೆಯ ಮೀನು ಸಿದ್ಧ. ಅದನ್ನು ಸೀಸದ ತಲೆಯಿರುವ ಗಾಳಕ್ಕೆ ಚುಚ್ಚಿ ನೀರಿಗೆ ಬಿಟ್ಟರೆ, ಬಾಲ ಆಡಿಸುವ ರೀತಿಗೆ ನಿಜವಾದ ಮೀನೇ ನಾಚಿಕೊಳ್ಳಬೇಕು.

ಅವರ ಮೀನುಗಳಿಗೆ ಒಂದು ಕಟ್ಟುನಿಟ್ಟು ಇತ್ತು. ಅಂಗಡಿಯಲ್ಲಿ ಇನ್ನೊಂದು ಜಾತಿಯ ರಬ್ಬರ್ ಮೀನು ಸಿಗುತ್ತದೆ, ಎಳೆದರೆ ಮಾರುದ್ದ ಬರುವಂಥದ್ದು. ಅದನ್ನೂ ಮನೆಯದನ್ನೂ ಒಂದೇ ಖಾನೆಯಲ್ಲಿ ಇಟ್ಟರೆ ನಾಲ್ಕು ದಿನದಲ್ಲಿ ಎರಡೂ ಒಂದನ್ನೊಂದು ಕರಗಿಸಿ ಅಂಟಾಗಿಬಿಡುತ್ತವೆ. ಭಾವ ಅವುಗಳಿಗೆ ಸವತಿಯರು ಎಂದೇ ಹೆಸರಿಟ್ಟಿದ್ದರು. ಸವತಿಯರಿಗೆ ಬೇರೆ ಬೇರೆ ಮನೆ ಮಾಡಿಕೊಡಿ ಎನ್ನುವುದು ಇಪ್ಪತ್ತು ವರ್ಷದಿಂದ ಆ ದೋಣಿಯಲ್ಲಿ ಕೇಳಿ ಕೇಳಿ ಸವೆದುಹೋದ ಮಾತು.

ದೋಣಿಯಲ್ಲಿದ್ದ ಮೂರನೆಯವನು ಕತ್ತರಿ. ಕಟಿಂಗ್ ಶಾಪಿನವನು, ಭಾವನ ಓರಗೆಯವನು, ಕೈಗಿಂತ ನಾಲಿಗೆ ಚುರುಕು. ಅವತ್ತು ಮಾತ್ರ ಅವನೂ ಮಂಕಾಗಿದ್ದ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಗಾಳಿಯಿಲ್ಲ, ಹಕ್ಕಿಯಿಲ್ಲ, ನೀರು ಕದಲುತ್ತಿರಲಿಲ್ಲ.

ಅದು ಅಣೆಕಟ್ಟಿನ ಹಿನ್ನೀರು. ಹಿಂದೆ ಅಲ್ಲಿದ್ದ ಕಾಡು ಮುಳುಗಿ, ಮರದ ಬೊಡ್ಡೆಗಳು ನೀರಿನ ಮಟ್ಟಕ್ಕೆ ಗೇಣು ಕೆಳಗೆ ಇನ್ನೂ ಹಾಗೇ ನಿಂತಿದ್ದವು. ಜೋರಾಗಿ ಹೋಗಿ ಒಂದಕ್ಕೆ ತಗಲಿದರೆ ದೋಣಿ ಮಗುಚಿದ್ದೇ. ಬೊಡ್ಡೆಗಳ ನಡುವಿನ ದಾರಿ ಯಾವ ನಕ್ಷೆಯಲ್ಲೂ ಇರಲಿಲ್ಲ, ಭಾವನ ತಲೆಯಲ್ಲಿತ್ತು.

ಮೆಕ್ಯಾನಿಕ್ ಉಸಿರು ಬಿಗಿಹಿಡಿದು ನೋಡಿದ. ಭಾವ ಮೊದಲು ಎಡಕ್ಕೆ ಹೊರಳಿಸಿದರು. ಬಂಡೆ ಕಂಡೊಡನೆ ವೇಗ ತಗ್ಗಿಸಿ ಬಲಕ್ಕೆ ತೆಗೆದುಕೊಂಡರು. ಎರಡು ಬೊಡ್ಡೆಗಳ ನಡುವೆ ನಾಲ್ಕು ಮೊಳವೂ ಇಲ್ಲದ ಸಂದಿಯಲ್ಲಿ ದೋಣಿ ಸುಮ್ಮನೆ ಜಾರಿತು. ಇಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. ನೀರಿಗೆ ಬಿದ್ದರೂ ತೇಲಲೆಂದು ಆ ಕೀಲಿಗೆ ದಪ್ಪ ಬೂಚೊಂದನ್ನು ಕಟ್ಟಿದ್ದರು. ಮೆಕ್ಯಾನಿಕ್‌ಗೆ ಎದೆ ಹಗುರಾಯಿತು. ಮನಸ್ಸಿನಲ್ಲೇ ಕಾರ್ಡಿಗೆ ಅರ್ಧ ಸೈನ್ ಹಾಕಿಯೂಬಿಟ್ಟ.

ಆಮೇಲೆ ಭಾವ ಡಬ್ಬ ತೆರೆದರು.

ಆ ಹಸಿರು ಡಬ್ಬದಲ್ಲಿ ಹನ್ನೆರಡು ಖಾನೆ. ಈಗ ಹನ್ನೆರಡೂ ಸೇರಿ ಒಂದಾಗಿದ್ದವು. ಮೀನುಗಳು ಕರಗಿ, ಖಾನೆಯ ಗೋಡೆಗಳನ್ನೂ ಮೆತ್ತಗೆ ಮಾಡಿ ಬಾಗಿಸಿ, ಜಿಗುಟಾದ ಕೊಳೆ ಬಣ್ಣದ ಒಂದು ಮುದ್ದೆ ಉಳಿದಿತ್ತು. ಅಲ್ಲೊಂದು ಬಾಲ, ಇಲ್ಲೊಂದು ಕಣ್ಣು ಅಂಟಿನಿಂದ ಹೊರಗೆ ಕಾಣುತ್ತಿತ್ತು. ಮುದ್ದೆಯ ನಡುವೆ ಗುಲಾಬಿ ಬಣ್ಣದ ಎಳೆಗಳು ಹರಡಿದ್ದವು.

ಆ ಗುಲಾಬಿಯನ್ನು ಮೆಕ್ಯಾನಿಕ್ ಗುರುತು ಹಿಡಿದ. ಅದು ವಸಡಿನ ಬಣ್ಣ, ಸೆಟ್ಟುಗಳಿಗೆ ಹಾಕುವ ಬಣ್ಣ. ಕಳೆದ ಭಾನುವಾರ ಅವನು ಹಿಂದಿನ ಕೋಣೆಯ ಫ್ಯಾನು ಸರಿಮಾಡಲು ಹೋದಾಗ, ಮೇಜಿನ ಮೇಲೆ ಪೇಪರು ಹಾಸಿ ಆರು ಪುಟ್ಟ ಗುಲಾಬಿ ಮೀನುಗಳನ್ನು ಆರಲು ಇಟ್ಟಿದ್ದರು. ಮೊಮ್ಮಗಳಿಗೆಂದೇ ಮಾಡಿದ್ದು, ಅವಳ ಕಿರುಬೆರಳಿನಷ್ಟು. ಅವತ್ತು ಕಿಟಕಿಯ ಬಳಿಯಿದ್ದ ಡಬ್ಬವನ್ನು ಅವನೇ ತೆರೆದು ನೋಡಿದ್ದ. ಸವತಿಯರು ಬೇರೆ ಬೇರೆಯಾಗಿ ಅಚ್ಚುಕಟ್ಟಾಗಿ ಮಲಗಿದ್ದರು. ಗುಲಾಬಿ ಮೀನುಗಳನ್ನು ಆಮೇಲೆ ಡಬ್ಬಕ್ಕೆ ಹಾಕಿದ್ದು ಭಾವನೇ. ಅಂದಮೇಲೆ ಎಲ್ಲವನ್ನೂ ಕಲಸಿದ ಕೈ ಯಾವುದೆಂದು ಕೇಳಬೇಕಾಗಿರಲಿಲ್ಲ. ಮಿಕ್ಕ ಕೆಲಸವನ್ನು ವಾರದ ಬಿಸಿಲು ಮಾಡಿತ್ತು.

ಭಾವ ಮುದ್ದೆಯನ್ನೇ ನೋಡುತ್ತ ಕೂತರು. ಬೆರಳಿಂದ ಒತ್ತಿದರು, ಅಂಟು ಬೆರಳಿನ ಜೊತೆಗೇ ಎದ್ದು ಬಂತು. ಅವರ ಮುಖದಲ್ಲಿ ಮೊದಲು ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಮನೆಯೊಳಗೆ ಯಾರೋ ಹೊಕ್ಕಿದ್ದಾರೆಂದು ಗೊತ್ತಾದವರ ಹೆದರಿಕೆ. ಮೆಕ್ಯಾನಿಕ್‌ಗೆ ಅದನ್ನು ನೋಡಲಾಗಲಿಲ್ಲ.

"ನಾನೇ ಭಾವ. ಹೋದ ವಾರ ಫ್ಯಾನು ಸರಿ ಮಾಡೋವಾಗ ಡಬ್ಬ ಕೈತಪ್ಪಿ ಬಿತ್ತು, ಎಲ್ಲ ಚೆಲ್ಲಿಹೋಯ್ತು. ಗಡಿಬಿಡೀಲಿ ಎತ್ತಿ ಒಟ್ಟಿಗೆ ತುಂಬಿಬಿಟ್ಟೆ," ಎಂದ.

ಭಾವನ ಮುಖಕ್ಕೆ ಬಣ್ಣ ಮರಳಿತು. ಶುರುವಾಯಿತು ನೋಡಿ ಬೈಗುಳ. ಇಪ್ಪತ್ತು ವರ್ಷ ಹೇಳಿದ್ದು ನೀರಿಗೆ ಹಾಕಿದ ಹಾಗಾಯಿತಲ್ಲ ಎಂದರು, ನಿನ್ನ ತಲೆಯಲ್ಲಿರುವುದು ಮಿದುಳೋ ಗ್ರೀಸೋ ಎಂದರು, ಮೀನು ಹಿಡಿಯುವುದು ಬಿಟ್ಟು ಮೀನಿನ ಅಂಗಡಿಯ ಮುಂದೆ ಹೋಗಿ ಕೂರು ಎಂದರು. ಮೆಕ್ಯಾನಿಕ್ ತಲೆತಗ್ಗಿಸಿ ಕೇಳಿಸಿಕೊಂಡ. ಹಳೆಯ ಭಾವ ಹಾಗೇ ಹಿಂದಿರುಗಿ ಬಂದಂತಾಗಿ ಅವನಿಗೆ ಆ ಬೈಗುಳ ಹಿತವಾಗಿಯೇ ಇತ್ತು.

ಕತ್ತರಿ ಮಾತ್ರ ಗುಲಾಬಿ ಎಳೆಗಳನ್ನು ನೋಡಿದ, ಮೆಕ್ಯಾನಿಕ್‌ನ ಮುಖ ನೋಡಿದ. ಆ ಮೀನುಗಳ ಫೋಟೋ ಭಾವ ಅವನಿಗೂ ಕಳಿಸಿದ್ದರು, ಫ್ಯಾನು ಸರಿಮಾಡಿದ ದಿನ ಅವು ಇನ್ನೂ ಡಬ್ಬ ಸೇರಿರಲಿಲ್ಲವೆಂದು ಅವನಿಗೂ ಗೊತ್ತಿತ್ತು. ಸಿಕ್ಕಿದ್ದಕ್ಕೆಲ್ಲ ಒಗ್ಗರಣೆ ಹಾಕುವ ಮನುಷ್ಯ ಈಗ ಬಾಯಿಗೆ ಬೀಗ ಹಾಕಿಕೊಂಡು, ತನ್ನ ಚೀಲದಲ್ಲಿದ್ದ, ಭಾವನೇ ಮಾಡಿಕೊಟ್ಟಿದ್ದ ಐದು ಮೀನುಗಳನ್ನು ತೆಗೆದು ಮೂವರಿಗೂ ಹಂಚಿದ.

ಗಾಳ ಹಾಕಿದರು. ಬಿಡು, ತಳ ಮುಟ್ಟಲಿ, ಮೆಲ್ಲಗೆ ಎತ್ತು, ಕಾಯಿ. ಭಾವ ಹೇಳಿಕೊಟ್ಟ ಈ ನಾಲ್ಕು ಮಾತು ಬಿಟ್ಟರೆ ಇದರಲ್ಲಿ ಬೇರೆ ವಿದ್ಯೆಯಿಲ್ಲ. ಮಧ್ಯಾಹ್ನದವರೆಗೆ ಒಂದು ಮೀನೂ ಮೂಸಿ ನೋಡಲಿಲ್ಲ. ಆಮೇಲೆ ಭಾವನ ದಾರಕ್ಕೆ ಒಂದು ಸಿಕ್ಕಿತು, ಅಂಗೈಗಿಂತ ಚಿಕ್ಕದು. ಅದನ್ನು ಬಿಡಿಸಿ ನೀರಿಗೇ ಬಿಟ್ಟರು.

ಬೈಗುಳ ಮುಗಿದ ಮೇಲೆ ಭಾವ ಬೇರೆಯೇ ಮನುಷ್ಯರಾಗಿದ್ದರು. ಮೆಕ್ಯಾನಿಕ್ ಅವರನ್ನು ಗಮನಿಸಬೇಕೆಂದು ಕಣ್ಣೆತ್ತಿದಾಗೆಲ್ಲ ಅವರೇ ಇವನನ್ನು ನೋಡುತ್ತಿದ್ದರು. ಇವನ ಗಂಟನ್ನು ಕೈಗೆ ತೆಗೆದುಕೊಂಡು ತಾವೇ ಬಿಗಿದು ಕೊಟ್ಟರು. ನೀರು ಕುಡಿದೆಯಾ ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, ಇವತ್ತು ಯಾವ ವಾರ ಹೇಳು ನೋಡೋಣ ಎಂದರು. ಭಾನುವಾರ ಎಂದಾಗ ಹೋದ ಜೀವ ಬಂದವರಂತೆ ತಲೆಯಾಡಿಸಿದರು. ಕಾಲು ಗಂಟೆ ಕಳೆಯಿತು. ಮತ್ತೆ ಅದೇ ಮೃದುವಾದ ದನಿಯಲ್ಲಿ, ಇವತ್ತು ಯಾವ ವಾರ ಹೇಳು ನೋಡೋಣ ಎಂದರು.

ಕತ್ತರಿ ಮುಖ ಆ ಕಡೆಗೆ ತಿರುಗಿಸಿಕೊಂಡ.

ಮೂರನೆಯ ಸಲ ಅದನ್ನೇ ಕೇಳಿದ ಮೇಲೆ ಭಾವ ಹತ್ತಿರ ಸರಿದು ಕೂತರು. ಕತ್ತರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು. ದೋಣಿ ಇರುವುದೇ ಎಂಟು ಮೊಳ, ಕೇಳಿಸದೆ ಎಲ್ಲಿಗೆ ಹೋಗಬೇಕು?

"ನೋಡು, ಬೇಜಾರು ಮಾಡ್ಕೋಬೇಡ. ಜನ ನಂಬಿ ಹತ್ತಿ ಇಳಿಯೋ ಕೆಲಸ ನಿಂದು. ಮರೆವು ಶುರುವಾದ ಮೇಲೆ ನಮ್ಮವರು ಅಂತ ಮುಚ್ಚಿಡಬಾರದು. ಲಿಫ್ಟಲ್ಲಿ ಮಕ್ಕಳೂ ಇರ್ತಾರೆ," ಎಂದರು.

ಮೆಕ್ಯಾನಿಕ್ ಹೂಂ ಎಂದ. ಬೆಳಗಿನಿಂದ ತಾನು ತನಗೆ ಹೇಳಿಕೊಳ್ಳಲು ಹೆದರುತ್ತಿದ್ದ ಮಾತನ್ನು ಭಾವನೇ ಅವನ ಮುಂದೆ ಇಟ್ಟಿದ್ದರು. ಬೆಳಿಗ್ಗೆ ಅರ್ಧ ಹಾಕಿದ್ದ ಸೈನಿನ ನೆನಪಾಗಿ ನಾಚಿಕೆಯಾಯಿತು. ಬೊಡ್ಡೆಗಳ ದಾರಿ ಇವತ್ತು ಅವರ ಕೈಯಲ್ಲಿದೆ, ಸರಿ. ಮುಂದಿನ ಭಾನುವಾರ ಇರುತ್ತದೆಯೆಂದು ಹೇಳುವವರು ಯಾರು? ಹಗ್ಗ ಹರಿಯುವ ಹಿಂದಿನ ದಿನದವರೆಗೂ ಗಟ್ಟಿಯಾಗಿಯೇ ಇರುತ್ತದೆ.

ಹಿಂದಿರುಗುವಾಗ ಭಾವ ದೋಣಿಯನ್ನು ಒಂದು ಬೊಡ್ಡೆಗೂ ತಗಲಿಸಲಿಲ್ಲ. ಅದರಿಂದಲೇ ಮೆಕ್ಯಾನಿಕ್‌ಗೆ ಇನ್ನಷ್ಟು ಸಂಕಟವಾಯಿತು. ದಡ ಸೇರಿದಾಗ ಕತ್ತರಿ ಅವನ ಹೆಗಲ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತ. ಆಮೇಲೆ ಸೈಕಲ್ ಹತ್ತಿ ಹೊರಟುಹೋದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಕ್ಕ ಅಂಗಳದಲ್ಲಿ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಮೊದಲು ಗಂಡನನ್ನು ನೋಡಿದಳು, ಆಮೇಲೆ ತಮ್ಮನನ್ನು. ಬಟ್ಟೆಯ ಮುದ್ದೆಯನ್ನು ಎದೆಗೆ ಅವಚಿಕೊಂಡು ಹಾಗೇ ನಿಂತಳು. ಮೆಕ್ಯಾನಿಕ್ ಬಾಯಿ ತೆರೆಯುವ ಮೊದಲೇ ಭಾವ ಡಬ್ಬವನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು.

"ಇಲ್ಲಿ ನೋಡು. ನಿನ್ನ ತಮ್ಮ ಸವತಿಯರನ್ನೆಲ್ಲ ಒಂದೇ ಕಡೆ ತುಂಬಿದಾನೆ. ನಾನೂ ಸಿಟ್ಟಲ್ಲಿ ಬೈದೆ, ಬೈಬಾರದಿತ್ತು. ಪಾಪ, ಅವನಿಗೆ ಮರೆವು ಶುರುವಾಗಿದೆ. ಒಳ್ಳೆ ಡಾಕ್ಟರಿಗೆ ತೋರಿಸೋಣ, ನಾನೇ ಕರ್ಕೊಂಡು ಹೋಗ್ತೀನಿ," ಎಂದರು. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು.

ಮೀನಿನ ಗಂಧಗಾಳಿ ಇಲ್ಲದಿದ್ದರೂ ಸವತಿಯರ ಕಟ್ಟುನಿಟ್ಟು ಅಕ್ಕನಿಗೂ ಬಾಯಿಪಾಠವಾಗಿತ್ತು. ಅವಳ ಮುಖದಲ್ಲಿ ಆಸೆಯೊಂದು ಮೂಡಿತು. ಎಷ್ಟೋ ತಿಂಗಳಿಂದ ಆ ಮುಖ ಹಾಗೆ ಅರಳಿರಲಿಲ್ಲ. ತಮ್ಮನೇ ಕಲಸಿದ್ದಾದರೆ ಗಂಡ ಸರಿಯಾಗಿದ್ದಾರೆ, ಮುಂದಿನ ಭಾನುವಾರ ಮಗು ದೋಣಿ ಹತ್ತಬಹುದು. ತಮ್ಮನಿಗೆ ಮರೆವು ಬಂದಿದೆಯೆಂದು ಕೇಳಿ ಅಕ್ಕನ ಮುಖ ಅರಳಿತಲ್ಲ ಎಂದು ಯಾರೂ ಅವಳನ್ನು ದೂರಬಾರದು. ಅವಳು ಆ ಮನೆಯಲ್ಲಿ ಒಬ್ಬಳೇ ಅಷ್ಟು ಹೆದರಿದ್ದಳು.

"ನೀನಾ ಹಾಕಿದ್ದು? ನನ್ನ ಮುಖ ನೋಡಿ ಹೇಳು," ಎಂದಳು.

ಭಾವನ ಕೈ ಅವನ ಬೆನ್ನ ಮೇಲಿತ್ತು. ಧೈರ್ಯ ಹೇಳುವ ಹಾಗೆ ಮೆಲ್ಲಗೆ ತಟ್ಟುತ್ತಿತ್ತು. ಡಬ್ಬದಲ್ಲಿ ಗುಲಾಬಿ ಎಳೆಗಳು ಸಂಜೆಯ ಬೆಳಕಿಗೆ ಇನ್ನಷ್ಟು ಎದ್ದು ಕಾಣುತ್ತಿದ್ದವು. ಹೌದು ಎಂದರೆ ಸಾಕಿತ್ತು. ಅಕ್ಕ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದಳು, ಭಾವ ಇನ್ನೊಂದು ವಾರ ಹುಷಾರಾದ ಮನುಷ್ಯರಾಗಿ ಉಳಿಯುತ್ತಿದ್ದರು.

"ನಾನಲ್ಲ ಅಕ್ಕ," ಎಂದ ಮೆಕ್ಯಾನಿಕ್.

ಅಕ್ಕನ ಮುಖ ಮೆಲ್ಲಗೆ ಮುಚ್ಚಿಕೊಂಡಿತು. ಬೆನ್ನ ಮೇಲಿನ ಕೈ ಮಾತ್ರ ಒಂದು ಕ್ಷಣ ನಿಂತು, ಮೊದಲಿಗಿಂತ ಮೃದುವಾಗಿ ಮತ್ತೆ ತಟ್ಟತೊಡಗಿತು.

"ನೋಡಿದ್ಯಾ," ಎಂದರು ಭಾವ ಹೆಂಡತಿಗೆ. "ಬೆಳಿಗ್ಗೆ ಅವನೇ ಒಪ್ಕೊಂಡಿದ್ದ. ಅದನ್ನೂ ಮರೆತಿದಾನೆ."

ಜೇಬಿನಿಂದ ಬೂಚು ಕಟ್ಟಿದ ಕೀಲಿಯನ್ನು ತೆಗೆದು ಅವರು ಅಕ್ಕನ ಅಂಗೈಯಲ್ಲಿಟ್ಟರು. ಅವಳ ಬೆರಳುಗಳನ್ನು ಒಂದೊಂದಾಗಿ ತಾವೇ ಮಡಿಸಿದರು.

"ದೋಣಿ ಕೀಲಿ ಇನ್ನು ನಿನ್ನ ಹತ್ರಾನೇ ಇರಲಿ," ಎಂದರು. "ಎಷ್ಟು ಕೇಳಿದ್ರೂ ಇವನಿಗೆ ಕೊಡಬೇಡ."

ಕೊಡಲ್ಲ ಎಂದಳು ಅಕ್ಕ. ಬಟ್ಟೆಯ ಮುದ್ದೆಯ ಕೆಳಗೆ ಅವಳ ಮುಷ್ಟಿ ಬಿಗಿಯಾಯಿತು.