ಪ್ಯಾಂಟ್ ಟೈಲರ್ ಫ್ರಾಕ್ ಹೊಲಿದ

ಟೈಲರನಿಗೆ ಬಿ.ಪಿ. ಇಲ್ಲ, ಶುಗರ್ ಇಲ್ಲ, ಮುಖದಲ್ಲಿ ನಗುವೂ ಇಲ್ಲ. ಅಂಗಡಿ ಬಾಗಿಲು ತೆಗೆದರೆ ಸಂಜೆಯವರೆಗೂ ಬರೀ ಪ್ಯಾಂಟು. ಪಕ್ಕದ ಮಿಷಿನ್ನಿನಲ್ಲಿ ಹೆಂಡತಿ ಕಾಲಿನ ಅಂಚು ಮಡಿಸಿ ಹೊಲಿದರೆ, ಅದನ್ನು ಬಿಚ್ಚಿ ತಾನೇ ಮತ್ತೆ ಹೊಲಿಯುವುದು ಅವನ ಚಾಳಿ. ಹೊಲಿಗೆ ಸರಿಯಿದ್ದರೂ ಅಷ್ಟೇ.

ಅಂದು ಆಕೆ ಕತ್ತರಿ ಕೆಳಗಿಟ್ಟಳು. “ರೀ, ಸೋಮವಾರದಿಂದ ನಾನು ಎದುರಿನ ಅಂಗಡಿಗೆ ಹೋಗ್ತೀನಿ. ಮಕ್ಕಳ ಫ್ರಾಕ್ ಹೊಲಿಯೋಕೆ ಕರೆದಿದ್ದಾರೆ. ಅಲ್ಲಿ ಬಿಚ್ಚೋರು ಯಾರೂ ಇಲ್ಲ.”

ಟೈಲರನ ಎದೆ ಧಸಕ್ಕೆಂದಿತು. ಬಾಯಿ ಮಾತ್ರ, “ಹೋಗು, ನನಗೇನಂತೆ!” ಎಂದಿತು.

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ಯೂನಿಫಾರ್ಮ್ ಪ್ಯಾಂಟು ಒಯ್ಯಲು ಅವನ ಅಕ್ಕ ಬಂದಳು. ಆಕೆ ಆರೋಗ್ಯ ಕೇಂದ್ರದಲ್ಲಿ ನರ್ಸು.

“ಏನೋ, ಮುಖ ಯಾಕೆ ಇಸ್ತ್ರಿ ಕಾಣದ ಬಟ್ಟೆ ಥರ ಆಗಿದೆ?”

“ನನಗೇನಾಗಿದೆ ಅಕ್ಕ? ಗುಂಡುಕಲ್ಲಿನ ಹಾಗಿದ್ದೀನಿ. ನೀನೇ ಪರೀಕ್ಷೆ ಮಾಡಿದೆಯಲ್ಲ!”

“ಗುಂಡುಕಲ್ಲೇ ಸರಿ. ನಗಲ್ಲ, ಬೆಳೆಯಲ್ಲ. ಕಾಯಿಲೆ ಇಲ್ಲ ಅಂದಮಾತ್ರಕ್ಕೆ ಮನಸ್ಸು ಚೆನ್ನಾಗಿದೆ ಅಂತಲ್ಲ ಕಣೋ. ಹೊಸದೇನಾದ್ರೂ ಕಲಿತು ಎಷ್ಟು ಕಾಲ ಆಯ್ತು? ಮನೆಯವರನ್ನ ನಂಬಿ ಒಂದು ಕೆಲಸನಾದ್ರೂ ಬಿಟ್ಟಿದ್ದೀಯಾ? ಬೆಳಿಗ್ಗೆ ಏಳುವಾಗ ಇವತ್ತು ಇಂಥದ್ದು ಮಾಡ್ಬೇಕು ಅಂತ ಆಸೆ ಆಗುತ್ತಾ?”

“ಈ ವಯಸ್ಸಲ್ಲಿ ಕಲಿಯೋಕೆ ನಾನೇನು ಶಾಲೆ ಹುಡುಗನಾ?”

“ಆಗಿದ್ರೆ ಕಿವಿ ಹಿಂಡಿಬಿಡ್ತಿದ್ದೆ! ಮನಸ್ಸಿಗೆ ವಯಸ್ಸಾಗಲ್ಲ. ಸುಮ್ನೆ ಇಟ್ರೆ ತುಕ್ಕು ಹಿಡಿಯುತ್ತೆ, ಅಷ್ಟೇ.”

ಅಕ್ಕ ಹೋದಮೇಲೆ ಟೈಲರ್ ತಲೆ ಕೆರೆದುಕೊಳ್ಳುತ್ತ ಹೆಂಡತಿಯ ಕಡೆ ತಿರುಗಿದ.

“ಅಲ್ಲ ಕಣೇ... ಫ್ರಾಕಿಗೆ ನೆರಿಗೆ ಹಿಡಿಯೋದು ಹೇಗೆ? ತೋರಿಸ್ತೀಯಾ?”

ಹೆಂಡತಿ ಕಣ್ಣರಳಿಸಿದಳು. ತೋರಿಸಿದಳು. ಅವನು ಹೊಲಿದ. ನೆರಿಗೆಯೆಲ್ಲ ಒಂದೇ ಕಡೆ ಗುಡ್ಡೆ ಬಿತ್ತು, ತೋಳು ಒಳಹೊರಗಾಯಿತು.

“ಇದನ್ನ ಹಾಕಿಕೊಂಡ ಮಗು ವಾಲ್ಕೊಂಡೇ ನಡೆಯುತ್ತೆ ರೀ!”

ಟೈಲರನ ಮುಖ ಕೆಂಪಾಯಿತು. ಆಮೇಲೆ ತನ್ನ ಫ್ರಾಕನ್ನು ತಾನೇ ಎತ್ತಿ ಹಿಡಿದು ನೋಡಿದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕ.

“ಹೋಗಬೇಡ ಅನ್ನಲ್ಲ, ನಿನ್ನಿಷ್ಟ,” ಎಂದ ಕಣ್ಣೊರೆಸಿಕೊಳ್ಳುತ್ತ. “ಆದ್ರೆ ನೀನು ಇಲ್ಲೇ ಫ್ರಾಕ್ ಹೊಲಿತೀನಿ ಅಂದ್ರೆ, ನಿನ್ನ ಕೆಲಸಕ್ಕೆ ನಾನು ಕೈ ಹಾಕಲ್ಲ.”

ಸೋಮವಾರ ಆಕೆ ಎದುರಿನ ಅಂಗಡಿಗೆ ಹೋದಳು, ಒಂದೇ ಮಾತು ಹೇಳಿ ಬರಲು: “ಬರೋಕಾಗಲ್ಲಪ್ಪ. ನನ್ನ ಹತ್ರ ಹೊಸ ಶಿಷ್ಯ ಸೇರಿದ್ದಾರೆ. ಸ್ವಲ್ಪ ಮಂದ.”

ಅಕ್ಕ ಹೇಳಿದ ಮಾತು ನಿಮಗೂ ಅಷ್ಟೇ. ಮೈಗೆ ಜ್ವರವಿಲ್ಲ ಎಂದು ಸುಮ್ಮನಿರಬೇಡಿ, ಮನಸ್ಸು ಹೇಗಿದೆ ನೋಡಿಕೊಳ್ಳಿ. ಈ ವಾರವೇ ಹೊಸದೊಂದನ್ನು ಕಲಿಯಿರಿ, ಮನೆಯವರನ್ನು ನಂಬಿ. ತಪ್ಪಾದರೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ನಕ್ಕುಬಿಡಿ. ಬೇಸರ ವಾರಗಟ್ಟಲೆ ಬಿಡದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಬಾಯಿಬಿಟ್ಟು ಹೇಳಿ. ಹಲ್ಲುನೋವು ಹೇಳಲು ನಾಚದವರಿಗೆ ಇದನ್ನು ಹೇಳಲು ನಾಚಿಕೆ ಏಕೆ?